ಟೆಕ್ಸಾಸ್ ಮನೆಯಲ್ಲಿ ಎಆರ್-15: ಕೊಂಡ ಬಗೆ, ಇಟ್ಟುಕೊಂಡ ಬಗೆ

ಊರಿನ ಜೋಡಿ ನಳಿಗೆ ಕೋವಿಯನ್ನು ಮಡಚಿದರೆ ಎರಡೂ ನಳಿಗೆಗಳ ಬುಡ ಕಣ್ಣಿಗೆ ಬೀಳುತ್ತದೆ. ತೋಟಾ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಜಾಗವೇ ಇಲ್ಲ. ಸೆಮಿ-ಆಟೋ ರೈಫಲ್ ಹಾಗಲ್ಲ. ಟ್ರಿಗರ್ ಒಂದು ಸಲ ಎಳೆದರೆ ಹಾರುವುದು ಒಂದೇ ಗುಂಡು, ನಿಜ. ಆದರೆ ಆ ಗುಂಡಿನ ಹಿಂದಿನ ಗ್ಯಾಸ್‌ನಲ್ಲಿ ಒಂದು ಪಾಲು ನಳಿಗೆಯ ಬುಡ ಮುಚ್ಚುವ ಲೋಹದ ತುಂಡನ್ನು, ಅಂದರೆ ಬೋಲ್ಟನ್ನು, ಹಿಂದಕ್ಕೆ ತಳ್ಳಿ ಖಾಲಿ ಕೇಸನ್ನು ಆಚೆ ಎಸೆಯುತ್ತದೆ. ಮರಳಿ ಮುಂದೆ ಬರುವ ಬೋಲ್ಟು ತೋಟಾ ತುಂಬಿಡುವ ಡಬ್ಬಿಯಾದ ಮ್ಯಾಗಜಿನ್‌ನಿಂದ ಇನ್ನೊಂದು ತೋಟಾವನ್ನು ನಳಿಗೆಯ ಬುಡದ ಗೂಡಾದ ಚೇಂಬರಿಗೆ ನೂಕುತ್ತದೆ. ಹೊಡೆದ ಮೇಲೂ ಬಂದೂಕು ತುಂಬಿಯೇ ಇರುತ್ತದೆ. ಕೊಳ್ಳುವಾಗ, ಗುರಿ ನೋಡುವ ಸೈಟ್ ಹೊಂದಿಸುವಾಗ, ಶುಚಿ ಮಾಡುವಾಗ, ಬೀಗ ಹಾಕುವಾಗ ನಾನು ಅನುಸರಿಸುವ ಕ್ರಮವೆಲ್ಲ ಈ ಒಂದು ಸಂಗತಿಯಿಂದ ಹೊರಟಿದ್ದು.

ಅಮೆರಿಕದಲ್ಲಿರುವ ನಮ್ಮವರು ರೈಫಲ್‌ಗಿಂತ ಮೊದಲು ನೋಡಬೇಕಾದ್ದು ತಮ್ಮ ವೀಸಾ. ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಎಚ್-1ಬಿ, ಎಲ್-1, ಎಫ್-1, ಎಚ್-4 ಮುಂತಾದ ತಾತ್ಕಾಲಿಕ ವೀಸಾದವರಿಗೆ (ಕೆಲಸಗಾರರು, ವಿದ್ಯಾರ್ಥಿಗಳು, ಸಂಗಾತಿ-ಮಕ್ಕಳು) ಫೆಡರಲ್ ಕಾನೂನಿನಲ್ಲಿ ಬಂದೂಕೂ ಇಲ್ಲ, ತೋಟಾವೂ ಇಲ್ಲ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಆದರೂ ಗ್ರೀನ್ ಕಾರ್ಡ್ ಬರುವವರೆಗೆ ಕಾಯುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಲೈಸೆನ್ಸಿನ ಅವಧಿ ಮುಗಿದದ್ದು ಗಮನಕ್ಕೆ ಬರದೆ ಹೋದರೆ ಮನೆಯಲ್ಲಿರುವ ರೈಫಲ್ಲೇ ಅಪರಾಧದ ಸಾಕ್ಷಿಯಾಗುತ್ತದೆ, ವರ್ಷಗಟ್ಟಲೆ ಕಾದ ವಲಸೆ ಅರ್ಜಿಗೂ ಪೆಟ್ಟು ಬೀಳುತ್ತದೆ. ಕಾನೂನಿನ ಕಣ್ಣಿಗೆ ಕೊಳ್ಳುವುದಷ್ಟೇ ಅಲ್ಲ, ಕೈಯಲ್ಲಿ ಹಿಡಿಯುವುದೂ ‘ಪೊಸೆಷನ್’, ಅಂದರೆ ವಶದಲ್ಲಿ ಇಟ್ಟುಕೊಂಡಂತೆ. ಬೇಸಿಗೆಯಲ್ಲಿ ಬಿ-2 ಪ್ರವಾಸಿ ವೀಸಾದಲ್ಲಿ ಬಂದ ಅಪ್ಪನನ್ನೋ ಭಾವನನ್ನೋ ಗುಂಡು ಹೊಡೆಯುವ ಅಭ್ಯಾಸದ ಜಾಗವಾದ ರೇಂಜಿಗೆ ಕರೆದುಕೊಂಡು ಹೋಗಿ “ಒಂದೇ ಒಂದು ಈಡು ಹೊಡೀರಿ” ಅನ್ನಬೇಡಿ. ಮನೆಯಲ್ಲಿ ಎಚ್-4 ಸಂಗಾತಿ ಇದ್ದರೆ ಸೇಫಿನ ಕೋಡ್ ನಿಮ್ಮೊಬ್ಬರಿಗೇ ಗೊತ್ತಿರಲಿ.

ಆಮೇಲೆ ರಾಜ್ಯ. ಟೆಕ್ಸಾಸಿನಲ್ಲಿ ರೈಫಲ್ಲಿಗೆ ಪರ್ಮಿಟ್ಟೂ ಇಲ್ಲ, ನೋಂದಣಿಯೂ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಪಿಸ್ತೂಲಿನಂಥ ಹಿಡಿ, ಮ್ಯಾಗಜಿನ್ ಬಿಡಿಸುವ ಗುಂಡಿ, ಅದರಲ್ಲಿ ಹಿಡಿಸುವ ತೋಟಾಗಳ ಸಂಖ್ಯೆ ಎಲ್ಲದಕ್ಕೂ ಕಟ್ಟಳೆ ಇದೆ. ಇಲಿನಾಯ್ ಮತ್ತು ವಾಷಿಂಗ್ಟನ್ ರಾಜ್ಯಗಳು 2023ರಲ್ಲಿ ಈ ಬಗೆಯ ರೈಫಲ್ ಮಾರಾಟವನ್ನೇ ನಿಲ್ಲಿಸಿದವು. ಕೆಲಸ ಬದಲಾಗಿ ಊರು ಬದಲಿಸುವವರು ಸಾಮಾನು ಕಟ್ಟುವ ಮೊದಲೇ ಹೊಸ ರಾಜ್ಯದ ನಿಯಮ ಓದಿಕೊಳ್ಳಬೇಕು.

ನಾನು ಆರಿಸಿದ್ದು 16 ಇಂಚು ನಳಿಗೆಯ, ಏನೂ ವಿಶೇಷವಿಲ್ಲದ ಎಆರ್-15. ‘ಎಆರ್’ ಅಂದರೆ ಆರ್ಮಲೈಟ್ ರೈಫಲ್; ಯೂಜೀನ್ ಸ್ಟೋನರ್ 1950ರ ದಶಕದ ಕೊನೆಗೆ ರೂಪಿಸಿದ್ದು, ಕೋಲ್ಟ್ ಕಂಪನಿ 1964ರಿಂದ ಜನಸಾಮಾನ್ಯರಿಗೆ ಮಾರಿತು. ಇಷ್ಟು ಹಳೆಯ, ಇಷ್ಟು ಜನ ಬಳಸುವ ವಿನ್ಯಾಸವಾದ್ದರಿಂದ ಮ್ಯಾಗಜಿನ್, ಸ್ಪ್ರಿಂಗ್, ಬೋಲ್ಟ್ ಎಲ್ಲ ಯಾವ ಊರಲ್ಲಾದರೂ ಸಿಗುತ್ತವೆ. ನಳಿಗೆ 16 ಇಂಚಿಗಿಂತ ಚಿಕ್ಕದಾದರೆ 1934ರ ಫೆಡರಲ್ ಕಾಯ್ದೆಯ ಪ್ರಕಾರ ಅದು ‘ಶಾರ್ಟ್ ಬ್ಯಾರೆಲ್ ರೈಫಲ್’, ಅದಕ್ಕೆ ಬೇರೆ ನೋಂದಣಿ ಬೇಕು. ಹೊಸಬರು ಆ ಗೋಜಿಗೆ ಹೋಗುವುದು ಬೇಡ.

ಅಂಗಡಿಯಲ್ಲಿ ಹೊರಗಿನ ಬಣ್ಣ, ಹಿಡಿಯ ಚೆಂದ ನೋಡುತ್ತ ನಿಲ್ಲಬಾರದು. ನಾನು ಮೊದಲು ಓದುವುದು ನಳಿಗೆಯ ಮೇಲೆ ಕೆತ್ತಿದ ಅಕ್ಷರ. ಆ ಚೇಂಬರಿಗೆ ಯಾವ ತೋಟಾ ಎಂದು ಹೇಳುವುದು ಅದೇ. ‘.223 ರೆಮಿಂಗ್ಟನ್’ ಚೇಂಬರಿನಲ್ಲಿ 5.56 ತೋಟಾ ಹೊಡೆಯಬಾರದು. ಎರಡರ ಹೊರ ಅಳತೆ ಒಂದೇ ಇದ್ದರೂ 5.56 ಚೇಂಬರಿನಲ್ಲಿ ಗುಂಡಿನ ಮುಂದೆ ಬಿಟ್ಟ ಜಾಗ ಹೆಚ್ಚು, .223ರಲ್ಲಿ ಕಡಿಮೆ, ಹಾಗಾಗಿ ಒತ್ತಡ ಏರುತ್ತದೆ. 5.56 ಚೇಂಬರಿನಲ್ಲಿ .223 ಹೊಡೆಯಲು ಅಡ್ಡಿಯಿಲ್ಲ. ‘.223 ವೈಲ್ಡ್’ ಎಂದಿದ್ದರೆ ಎರಡೂ ನಡೆಯುತ್ತವೆ. ನಾನು ಕೊಂಡಿದ್ದು ಅದನ್ನೇ. ಮುಂದಿನದು ಗುಂಡನ್ನು ತಿರುಗಿಸುವ, ನಳಿಗೆಯೊಳಗಿನ ಗೀರುಗಳ ತಿರುಪು. 1:8 ಎಂದರೆ ಗುಂಡು 8 ಇಂಚಿಗೆ ಒಂದು ಸುತ್ತು ತಿರುಗುತ್ತದೆ. ಗುಂಡಿನ ತೂಕದ ಅಳತೆ ಗ್ರೇನ್. 55 ಗ್ರೇನ್‌ನ ಅಗ್ಗದ ಗುಂಡಿನಿಂದ 77 ಗ್ರೇನ್‌ನ ಭಾರದ ಗುಂಡಿನವರೆಗೆ ಇದು ಒಗ್ಗುತ್ತದೆ, 1:9 ನಳಿಗೆ ಅತಿ ಭಾರದ ಗುಂಡಿಗೆ ತಿಣುಕುತ್ತದೆ. ನಳಿಗೆಯಿಂದ ಬೋಲ್ಟಿನ ಕಡೆಗೆ ಗ್ಯಾಸ್ ಒಯ್ಯುವ ಕೊಳವೆ ‘ಮಿಡ್-ಲೆಂತ್’ (ಮಧ್ಯಮ ಉದ್ದ) ಇರಲಿ. 16 ಇಂಚು ನಳಿಗೆಗೆ ಚಿಕ್ಕ ‘ಕಾರ್ಬೈನ್’ ಕೊಳವೆ ಹಾಕಿದರೆ ಗ್ಯಾಸ್ ಹೆಚ್ಚು ಒತ್ತಡದಲ್ಲಿ ಬೇಗ ಬಂದು ಬೋಲ್ಟಿಗೆ ಹೊಡೆಯುತ್ತದೆ, ಭುಜಕ್ಕೂ ಬಿಡಿಭಾಗಕ್ಕೂ ಏಟು ಜಾಸ್ತಿ.

ಕೊನೆಗೆ ಎರಡು ‘ಸ್ಟೇಕಿಂಗ್’ ಗುರುತು. ಬೋಲ್ಟನ್ನು ಹೊತ್ತು ಹಿಂದೆಮುಂದೆ ಸರಿಯುವ ಬೋಲ್ಟ್ ಕ್ಯಾರಿಯರ್ ಮೇಲೆ, ಕೊಳವೆಯ ಗ್ಯಾಸನ್ನು ಒಳಗೆ ಬಿಡುವ ಗ್ಯಾಸ್ ಕೀಯ ಎರಡು ಸ್ಕ್ರೂಗಳ ಪಕ್ಕದ ಲೋಹವನ್ನು ಉಳಿಯಿಂದ ಒತ್ತಿ ಸ್ಕ್ರೂವಿಗೆ ಕಚ್ಚಿಸಿರಬೇಕು, ಭುಜಕ್ಕೊರಗುವ ಬಟ್ ಕೂರುವ ಬಫರ್ ಟ್ಯೂಬನ್ನು ಬಿಗಿಯುವ ಕ್ಯಾಸಲ್ ನಟ್ಟಿನ ಹತ್ತಿರವೂ ಹಾಗೆಯೇ. ಇದು ಕಣ್ಣಿಗೆ ಕಾಣುವ ಕೆಲಸ. ಗ್ಯಾಸ್ ಕೀ ಸಡಿಲವಾದರೆ ಗ್ಯಾಸ್ ಸೋರಿ ಬೋಲ್ಟು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ; ನಟ್ಟು ಬಿಚ್ಚಿಕೊಂಡರೆ ಟ್ಯೂಬು ತಿರುಗಿ, ಬೋಲ್ಟಿನ ಹಿಂದೆ ಏಟು ತಾಳುವ ಬಫರನ್ನು ಹಿಡಿದಿಡುವ ಪಿನ್ ಕಳಚುತ್ತದೆ. ಈ ಎರಡು ಕಡೆ ಮೈಗಳ್ಳತನ ಮಾಡಿದ ತಯಾರಕ ಬೇರೆ ಕಡೆಯೂ ಮಾಡಿರುತ್ತಾನೆ.

ಹಣದ ಹಂಚಿಕೆ ಹೀಗಿತ್ತು: ರೈಫಲ್ಲಿಗೆ ಸುಮಾರು 800 ಡಾಲರ್, ಸೇಫಿಗೆ 600, ಕೆಂಪು ಚುಕ್ಕೆಯಿಂದ ಗುರಿ ತೋರಿಸುವ ಸೈಟಾದ ರೆಡ್ ಡಾಟ್‌ಗೆ 200, ಸಾವಿರ ತೋಟಾಕ್ಕೆ 500, ಆರು ಮ್ಯಾಗಜಿನ್‌ಗೆ 80, ಕಿವಿ-ಕಣ್ಣಿನ ರಕ್ಷಣೆಗೆ 100. 1,500 ಡಾಲರಿನ ರೈಫಲ್ ತಂದು ಸೇಫ್ ಇಲ್ಲದೆ ಬಟ್ಟೆ ಬೀರುವಿನಲ್ಲಿ ಇಡುವುದಕ್ಕಿಂತ ಇದು ಎಷ್ಟೋ ಮೇಲು. ಸೇಫು ರೈಫಲ್ಲಿಗಿಂತ ಮೊದಲು ಮನೆಗೆ ಬರಬೇಕು.

ಲೈಸೆನ್ಸ್ ಇರುವ ಡೀಲರ್ ಬಳಿ ತುಂಬಬೇಕಾದ್ದು ಬಂದೂಕು ವ್ಯವಹಾರ ನೋಡಿಕೊಳ್ಳುವ ಫೆಡರಲ್ ಸಂಸ್ಥೆಯಾದ ಎಟಿಎಫ್‌ನ ಫಾರ್ಮ್ 4473. ಇನಿಷಿಯಲ್ ಇಟ್ಟುಕೊಂಡ ನಮ್ಮ ಹೆಸರುಗಳು ಇಲ್ಲಿ ತೊಡಕು ಮಾಡುತ್ತವೆ. ದಾಖಲೆಯಲ್ಲಿ ಬರೀ ಇನಿಷಿಯಲ್ ಇದ್ದರೆ ಅದರ ನಂತರ ‘ಐಒ’ ಎಂದೂ, ನಡುವಿನ ಹೆಸರೇ ಇಲ್ಲದಿದ್ದರೆ ‘ಎನ್‌ಎಂಎನ್’ ಎಂದೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಡ್ರೈವಿಂಗ್ ಲೈಸೆನ್ಸಿನಲ್ಲಿ ಈಗಿನ ಮನೆಯ ವಿಳಾಸ ಇರಬೇಕು. ಗ್ರೀನ್ ಕಾರ್ಡ್ ಇರುವವರು ಅದರ ಮೇಲಿನ ಯುಎಸ್‌ಸಿಐಎಸ್ ಸಂಖ್ಯೆ ಬರೆಯಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರ್ ಐಚ್ಛಿಕ, ಆದರೂ ನಾನು ಬರೆದೆ. ಅದೇ ಹೆಸರಿನ ಇನ್ನೊಬ್ಬರ ಜತೆ ಬೆರಕೆಯಾಗುವುದು ತಪ್ಪುತ್ತದೆ. ಡೀಲರ್ ಎಫ್‌ಬಿಐನ ನಿಕ್ಸ್ ಎಂಬ ಹಿನ್ನೆಲೆ ತಪಾಸಣೆಯ ವ್ಯವಸ್ಥೆಯಲ್ಲಿ ವಿಚಾರಿಸಿದಾಗ ‘ಪ್ರೊಸೀಡ್’, ‘ಡಿಲೇಡ್’, ‘ಡಿನೈಡ್’ ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಡಿಲೇ ಬಂದರೆ ಗಾಬರಿ ಬೇಡ, ನಮ್ಮ ಹೆಸರುಗಳಿಗೆ ಅದು ಬರುತ್ತಿರುತ್ತದೆ. ಪ್ರತಿ ಸಲವೂ ಬಂದರೆ ಎಫ್‌ಬಿಐಗೆ ಅರ್ಜಿ ಹಾಕಿ, ನಿಮ್ಮನ್ನು ಬೇರೆಯವರಿಂದ ಬೇರ್ಪಡಿಸಿ ಗುರುತಿಸುವ ಯುಪಿಐಎನ್ ಎಂಬ ಸಂಖ್ಯೆ ಪಡೆಯಬಹುದು.

ಈ ಫಾರ್ಮಿನ ಎರಡು ಪ್ರಶ್ನೆಗಳಲ್ಲಿ ಜನ ಜಾರಿಬೀಳುತ್ತಾರೆ. ನಿಜವಾಗಿ ಕೊಳ್ಳುವವರು ನೀವೇನಾ ಎಂಬುದು ಒಂದು. ಎಚ್-1ಬಿ ಗೆಳೆಯ ಕೊಟ್ಟ ಹಣದಲ್ಲಿ ಅವನಿಗಾಗಿ ಕೊಂಡು ‘ಹೌದು’ ಎಂದರೆ ಅದು ಫೆಡರಲ್ ಅಪರಾಧ. ಇನ್ನೊಂದು ಗಾಂಜಾ. ರಾಜ್ಯ ಒಪ್ಪಿದ್ದರೂ ಫೆಡರಲ್ ಕಾನೂನಿನಲ್ಲಿ ಅದು ನಿಷಿದ್ಧವೇ ಎಂದು ಫಾರ್ಮಿನಲ್ಲೇ ಎಚ್ಚರಿಕೆ ಅಚ್ಚಾಗಿದೆ.

ತೋಟಾ: ಅಭ್ಯಾಸಕ್ಕೆ 55 ಗ್ರೇನ್, ಹಿತ್ತಾಳೆ ಕೇಸಿನ, ಹೊಸ ಕಾರ್ಖಾನೆ ಮಾಲು. ಯಾರೋ ಮನೆಯಲ್ಲಿ ಮರುತುಂಬಿದ ತೋಟಾವನ್ನು ಎಷ್ಟು ಅಗ್ಗವಾದರೂ ಮುಟ್ಟುವುದಿಲ್ಲ. ಹಸಿರು ತುದಿಯ ಎಂ855 ಒಳಗೆ ಉಕ್ಕು ಇರುವುದರಿಂದ ಎಷ್ಟೋ ರೇಂಜಿನವರು ಬಾಗಿಲಲ್ಲೇ ಅಯಸ್ಕಾಂತ ಹಿಡಿದು ನೋಡಿ ವಾಪಸು ಕಳಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ‘.300 ಬ್ಲ್ಯಾಕ್‌ಔಟ್’ ಎಂಬ ದಪ್ಪ ಗುಂಡಿನ ತೋಟಾ. ಅದು ಇದೇ ಮ್ಯಾಗಜಿನ್‌ನಲ್ಲಿ ಕೂರುತ್ತದೆ, ಕೆಲವೊಮ್ಮೆ 5.56 ಚೇಂಬರಿನೊಳಗೂ ಹೋಗಿಬಿಡುತ್ತದೆ, ಹೊಡೆದರೆ ರೈಫಲ್ ಒಡೆದುಹೋಗುತ್ತದೆ. ಆ ತೋಟಾ ನನ್ನ ಮನೆಯೊಳಗೆ ಬರುವುದಿಲ್ಲ. ಪಕ್ಕದ ಬೆಂಚಿನವರು ಕೊಡುವ ತುಂಬಿದ ಮ್ಯಾಗಜಿನ್ ಕೂಡ ಬಳಸುವುದಿಲ್ಲ.

ಸೈಟ್ ಹೊಂದಿಸುವುದನ್ನು 25 ಗಜದಿಂದ ಶುರು ಮಾಡಿ 50ಕ್ಕೆ ಹೋಗುತ್ತೇನೆ. ಮೊದಲು ರೆಡ್ ಡಾಟ್‌ನ ಸ್ಕ್ರೂಗಳನ್ನು ತಯಾರಕರು ಹೇಳಿದ ಬಿಗಿಗೆ ತಿರುಗಿಸಿ, ಸ್ಕ್ರೂವಿನಿಂದ ಮೌಂಟಿನವರೆಗೆ ಪೇಂಟ್ ಪೆನ್ನಿನಲ್ಲಿ ಗೆರೆ ಎಳೆದಿಡುತ್ತೇನೆ. ಗೆರೆ ಮುರಿದರೆ ಸ್ಕ್ರೂ ಸಡಿಲಾಗಿದೆ ಎಂದರ್ಥ. ಮರಳು ಚೀಲದ ಮೇಲೆ ರೈಫಲ್ ಇಟ್ಟು ಮೂರು ಗುಂಡು ಹೊಡೆದು ಅವುಗಳ ನಡುಬಿಂದು ನೋಡಿ ತಿದ್ದಬೇಕು, ಒಂದೊಂದೇ ಗುಂಡಿಗೆ ತಿದ್ದುತ್ತ ಹೋದರೆ ತಿರುಗಿಸುವುದಷ್ಟೇ ಉಳಿಯುತ್ತದೆ. ಅರ್ಧ ಎಂಒಎ (ಕೋನದ ಅಳತೆ; ಒಂದು ಎಂಒಎ 100 ಗಜಕ್ಕೆ ಸುಮಾರು ಒಂದು ಇಂಚು) ಕ್ಲಿಕ್ಕಿನ ಸೈಟಿನಲ್ಲಿ 50 ಗಜಕ್ಕೆ ಒಂದು ಕ್ಲಿಕ್ ಕಾಲು ಇಂಚು; ಎರಡು ಇಂಚು ಕೆಳಗೆ ಬಿದ್ದರೆ ಎಂಟು ಕ್ಲಿಕ್ ಮೇಲೆ. 25 ಗಜದಲ್ಲಿ ಗುರಿಗಿಂತ ಇಂಚಿನಷ್ಟು ಕೆಳಗೆ ಬಿಟ್ಟರೆ 50ರಲ್ಲಿ ಕೆಲಸ ಹಗುರ. 50 ಗಜಕ್ಕೆ ಹೊಂದಿಸಿದ್ದು 100ರಲ್ಲಿ ಒಂದೂವರೆ-ಎರಡು ಇಂಚು ಮೇಲೆ ಬಿದ್ದು, 200ರ ಸುಮಾರಿಗೆ ಮತ್ತೆ ಗುರಿಗೆ ಬರುತ್ತದೆ. ಸೈಟು ನಳಿಗೆಗಿಂತ ಎರಡೂವರೆ ಇಂಚು ಎತ್ತರದಲ್ಲಿ ಇರುವುದರಿಂದ ತೀರಾ ಹತ್ತಿರದಲ್ಲಿ ಅಷ್ಟೇ ಕೆಳಗೆ ಬೀಳುತ್ತದೆ. ಬೆಂಚಿನ ಅಂಚಿಗೋ ತಡೆಗಟ್ಟೆಗೋ ತಾಗಿಸಿ ಹೊಡೆಯುವವರಿಗೆ ಸೈಟಿನಲ್ಲಿ ದಾರಿ ತೆರವಾಗಿ ಕಂಡರೂ ನಳಿಗೆಯ ಮುಂದೆ ಮರವೇ ಇರಬಹುದು.

ಖಾಲಿ ಮಾಡುವ ಕ್ರಮ ಒಂದೇ, ಅದು ಅದಲುಬದಲಾಗಬಾರದು. ನಳಿಗೆ ಗುರಿಯತ್ತ, ಬೆರಳು ಟ್ರಿಗರಿನಾಚೆ, ಸೇಫ್ಟಿ ‘ಸೇಫ್’ನಲ್ಲಿ. ಮೊದಲು ಮ್ಯಾಗಜಿನ್ ತೆಗೆ. ಆಮೇಲೆ ಬೋಲ್ಟನ್ನು ಹಿಂದಕ್ಕೆಳೆಯುವ ಹಿಡಿಯಾದ ಚಾರ್ಜಿಂಗ್ ಹ್ಯಾಂಡಲ್ ಎರಡು ಮೂರು ಸಲ ಪೂರ್ತಿ ಎಳೆ. ಬೋಲ್ಟನ್ನು ಹಿಂದಕ್ಕೆ ಕಚ್ಚಿಸಿ ನಿಲ್ಲಿಸು. ಚೇಂಬರನ್ನು ಕಣ್ಣಿನಿಂದ ನೋಡು, ಕಿರುಬೆರಳಿನಿಂದ ಮುಟ್ಟು. ಮೊದಲೆರಡು ಹೆಜ್ಜೆ ತಿರುವುಮುರುವಾದರೆ ಹ್ಯಾಂಡಲ್ ಎಳೆದಾಗ ಹಳೆಯ ತೋಟಾ ಆಚೆ ಬಿದ್ದು, ಬಿಟ್ಟಾಗ ಮ್ಯಾಗಜಿನ್‌ನಿಂದ ಹೊಸದು ಒಳಗೆ ಹೋಗುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು ‘ಖಾಲಿ’ ಎಂದುಕೊಂಡವರ ಕೈಯಲ್ಲಿರುವುದು ತುಂಬಿದ ರೈಫಲ್. ಮುಟ್ಟಿ ನೋಡು ಎಂದದ್ದೂ ಸುಮ್ಮನಲ್ಲ. ತೋಟಾವನ್ನು ಹಿಡಿದು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆ ಸವೆದಿದ್ದರೆ ತೋಟಾ ಚೇಂಬರಿನಲ್ಲೇ ಉಳಿಯುತ್ತದೆ. ತೋಟಾವನ್ನು ಕೈಯಿಂದ ಚೇಂಬರಿಗೆ ಹಾಕಿ ಬೋಲ್ಟ್ ಬಿಡುವ ಅಭ್ಯಾಸವೂ ಬೇಡ. ಈ ರೈಫಲ್ಲಿನ ಫೈರಿಂಗ್ ಪಿನ್ನಿಗೆ ಸ್ಪ್ರಿಂಗಿನ ತಡೆ ಇಲ್ಲ, ಬೋಲ್ಟ್ ಮುಂದೆ ಅಪ್ಪಳಿಸಿದಾಗ ಅದು ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರನ್ನು ಮುಟ್ಟುತ್ತದೆ.

ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಮ್ಯಾಗಜಿನ್ ಅಥವಾ ಒಣಗಿದ ಬೋಲ್ಟ್. ಹಾಗಾಗಿ ಪ್ರತಿ ಮ್ಯಾಗಜಿನ್ ಮೇಲೂ ಸಂಖ್ಯೆ ಬರೆದಿದ್ದೇನೆ. ಎರಡು ತೋಟಾ ಒಟ್ಟಿಗೆ ಬಂದು ಸಿಕ್ಕಿಕೊಳ್ಳುವುದು 4ನೆಯದರಲ್ಲೇ ಮರುಕಳಿಸಿದರೆ 4ನೆಯದನ್ನು ಎಸೆದರೆ ಮುಗಿಯಿತು, ರೈಫಲ್ ಬಿಚ್ಚುವುದೇ ಬೇಡ. ಕೊನೆಯ ಗುಂಡಾದ ಮೇಲೆ ಬೋಲ್ಟ್ ಹಿಂದೆ ನಿಲ್ಲದಿದ್ದರೆ, ಮ್ಯಾಗಜಿನ್ ಸರಿಯಿದ್ದ ಪಕ್ಷದಲ್ಲಿ ಹೆಚ್ಚಾಗಿ ಗ್ಯಾಸ್ ಸಾಲುತ್ತಿಲ್ಲ: ಗ್ಯಾಸ್ ಕೀ ಸಡಿಲ, ಗ್ಯಾಸನ್ನು ಕೊಳವೆಗೆ ತಿರುಗಿಸುವ ಗ್ಯಾಸ್ ಬ್ಲಾಕ್ ನಳಿಗೆಯ ರಂಧ್ರದ ನೇರಕ್ಕಿಲ್ಲ, ಇಲ್ಲವೇ ತೋಟಾ ದುರ್ಬಲ. ಟ್ರಿಗರ್ ಎಳೆದಾಗ ಏನೂ ಆಗದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಮೂವತ್ತು ಸೆಕೆಂಡು ಕಾಯಬೇಕು. ‘ಪುಸ್’ ಎಂಬ ಸಪ್ಪೆ ಸದ್ದು ಬಂದರಂತೂ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ನಿಂತಿರಬಹುದು. ಮುಂದಿನ ಗುಂಡು ಹೊಡೆದರೆ ನಳಿಗೆ ಸೀಳುತ್ತದೆ. ರೈಫಲ್ ಖಾಲಿ ಮಾಡಿ, ಚೇಂಬರಿನ ಕಡೆಯಿಂದ ಕಡ್ಡಿ ಹಾಕಿ ನೋಡಿದ ಮೇಲೆಯೇ ಮುಂದಿನ ಮಾತು.

300ರಿಂದ 500 ಗುಂಡಿಗೊಮ್ಮೆ ಬೋಲ್ಟ್ ಬಿಚ್ಚಿ ಮಸಿ ಒರೆಸುತ್ತೇನೆ. ಫೈರಿಂಗ್ ಪಿನ್ನನ್ನು ತಡೆದಿಡುವ ಚಿಕ್ಕ ಪಿನ್ನು, ಫೈರಿಂಗ್ ಪಿನ್, ಬೋಲ್ಟನ್ನು ತಿರುಗಿಸುವ ಕ್ಯಾಮ್ ಪಿನ್, ಬೋಲ್ಟ್: ಈ ಕ್ರಮದಲ್ಲಿ ಹೊರಬರುತ್ತವೆ. ಬೋಲ್ಟಿನ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಗ್ಯಾಸ್ ಉಂಗುರ ಪರೀಕ್ಷಿಸಲು ಬೋಲ್ಟನ್ನು ಮುಂದಕ್ಕೆಳೆದು, ಕ್ಯಾರಿಯರನ್ನು ಬೋಲ್ಟಿನ ಮುಖದ ಮೇಲೆ ಮೇಜಿನಲ್ಲಿ ನಿಲ್ಲಿಸಿ. ತನ್ನ ಭಾರಕ್ಕೇ ಕುಸಿದು ಕೆಳಗಿಳಿದರೆ ಮೂರೂ ಉಂಗುರ ಬದಲಿಸಿ, ಕೆಲವು ಡಾಲರಿನ ಮಾತು. ಕ್ಯಾರಿಯರಿನ ಉಜ್ಜುವ ಮೈಗಳಿಗೂ ಕ್ಯಾಮ್ ಪಿನ್ನಿಗೂ ಎಣ್ಣೆ ಧಾರಾಳವಾಗಿರಲಿ, ನಳಿಗೆಯೊಳಗೆ ಮಾತ್ರ ತೆಳುವಾಗಿ. ರೇಂಜಿನಿಂದ ಬಂದವರ ಕೈ, ಬಟ್ಟೆ, ಬೂಟಿನಲ್ಲಿ ಸೀಸದ ಪುಡಿ ಇರುತ್ತದೆ. ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳುವುದು. ಸದ್ದು 160 ಡೆಸಿಬಲ್ ಆಸುಪಾಸು, ಒಳಾಂಗಣ ರೇಂಜಿನಲ್ಲಿ ಇಯರ್ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕುತ್ತೇನೆ.

ಸೇಫನ್ನು ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದೇನೆ; ಬರೀ ನಿಲ್ಲಿಸಿದ ಸೇಫನ್ನು ಇಬ್ಬರು ಹೊತ್ತೊಯ್ಯಬಹುದು. ಹ್ಯೂಸ್ಟನ್ ಕಡೆಯ ತೇವಕ್ಕೆ ಒಳಗೆ ಸಿಲಿಕಾ ಜೆಲ್ ಬೇಕೇ ಬೇಕು, ಫೋಮ್ ತುಂಬಿದ ಚೀಲದಲ್ಲಿ ರೈಫಲ್ ಇಟ್ಟರೆ ತುಕ್ಕು ಖಚಿತ. ತೋಟಾಕ್ಕೆ ಬೇರೆ ಪೆಟ್ಟಿಗೆ, ಬೇರೆ ಬೀಗ. 17 ವರ್ಷದೊಳಗಿನವರ ಕೈಗೆ ತುಂಬಿದ ಬಂದೂಕು ಸಿಗುವಂತೆ ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ, ಹಾಗಾಗಿ ಆಯುಧ ಪೂಜೆಯ ದಿನ ಹೊರತೆಗೆದರೂ ಬೋಲ್ಟ್ ಬೇರೆ, ರೈಫಲ್ ಬೇರೆ ಮಾಡಿಯೇ ಇಡುತ್ತೇನೆ. ಇನ್ನೊಂದನ್ನು ಸಂಕೋಚವಿಲ್ಲದೆ ಹೇಳಬೇಕು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಕೆಲಸ ಹೋಗಿರಲಿ, ಮನಸ್ಸು ಕುಸಿದಿರಲಿ, ಮನೆಯಲ್ಲಿ ಯಾರಿಗಾದರೂ ಕಷ್ಟದ ಕಾಲ ಬಂದರೆ ರೈಫಲ್ ಮನೆಯಿಂದಾಚೆ ಹೋಗಬೇಕು. ಇಟ್ಟುಕೊಳ್ಳುವ ಡೀಲರುಗಳಿದ್ದಾರೆ. ಕೇಳುವುದಕ್ಕೆ ನಾಚಿಕೆ ಬೇಡ.

ರೇಂಜಿನ ಚೀಲ ರೇಂಜಿಗೆ ಮಾತ್ರ. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ಒಂದು ಸಜೀವ ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ 1959ರ ಆಯುಧ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ, ರಜೆಯೆಲ್ಲ ಠಾಣೆ, ಕೋರ್ಟಿನಲ್ಲೇ ಕಳೆಯುತ್ತದೆ. ಊರಿಗೆ ಹೊರಡುವ ಹಿಂದಿನ ದಿನ ಜಾಕೆಟ್ಟಿನ ಜೇಬು, ಬೆನ್ನುಚೀಲದ ತಳ, ಕಾರಿನಲ್ಲಿ ಇಟ್ಟ ಕ್ಯಾಮೆರಾ ಚೀಲ ಎಲ್ಲವನ್ನೂ ಬಿಳಿ ಬೆಡ್‌ಶೀಟಿನ ಮೇಲೆ ಬೋರಲು ಹಾಕಿ ಕೊಡವಿ ನೋಡುತ್ತೇನೆ.