ವೈದ್ಯರ ಪತ್ರದಲ್ಲಿ ಒಂದು ಸಾಲು ಇಲ್ಲದೆ ನಿಂತಿದ್ದ ಪರಿಹಾರ ಅರ್ಜಿ

ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರೊಬ್ಬರು 1923ರ ನೌಕರರ ಪರಿಹಾರ ಕಾಯ್ದೆಯಡಿ ಹಾಕಿದ್ದ ಅರ್ಜಿ ಇದು (2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು; ಇಲ್ಲಿರುವುದು ಹಳೆಯ ಕಾಯ್ದೆಯ ನಿಯಮಗಳು). ಯಂತ್ರಕ್ಕೆ ಸಿಕ್ಕಿ ಬಲ ಮಣಿಕಟ್ಟು ಮುರಿದಿತ್ತು; ವಯಸ್ಸು 30, ತಿಂಗಳ ಸಂಬಳ 18,000 ರೂಪಾಯಿ, ಅಪಘಾತ 2021ರದ್ದು. ವಿಚಾರಣೆ ಮುಂದೆ ಹೋಗದಿರಲು ಕಾರಣ ವೈದ್ಯರ ಪ್ರಮಾಣಪತ್ರ. ಅದರಲ್ಲಿ ‘ಬಲಗೈಗೆ ಶೇ. 40 ಅಂಗವೈಕಲ್ಯ’ ಎಂದಷ್ಟೇ ಇತ್ತು.

ಕಾಯ್ದೆ ಕೇಳುತ್ತಿದ್ದುದು ಅದನ್ನಲ್ಲ. ಬೆರಳು, ಕಣ್ಣು ಹೋದಂಥ ಗಾಯಗಳಿಗೆ ಕಾಯ್ದೆಯ ಮೊದಲ ಅನುಸೂಚಿಯಲ್ಲೇ (ಕೊನೆಯ ಪಟ್ಟಿಯಲ್ಲೇ) ಶೇಕಡಾವಾರು ಇತ್ತು. ಅಲ್ಲಿಲ್ಲದ ಗಾಯಕ್ಕೆ ಕಲಮು 4(1)(ಸಿ)(ii) ಪ್ರಕಾರ ‘ಗಳಿಕೆ ಸಾಮರ್ಥ್ಯದ ನಷ್ಟ’ ಎಷ್ಟೆಂದು ಅರ್ಹ ವೈದ್ಯರೇ ಹೇಳಬೇಕಿತ್ತು. ಕೈಯ ವೈಕಲ್ಯವೂ ಗಳಿಕೆಯ ನಷ್ಟವೂ ಒಂದೇ ಅಲ್ಲ. ಬಹುತೇಕರು ಎಡವುವುದು ಇಲ್ಲೇ.

ಮತ್ತೆ ವೈದ್ಯರ ಬಳಿ ಹೋಗುವಾಗ ಎಕ್ಸ್‌ರೇ ಜೊತೆಗೆ ಕೆಲಸದ ವಿವರವನ್ನೂ ಒಯ್ದದ್ದು ಫಲ ಕೊಟ್ಟಿತು: ಎಷ್ಟು ಕಿಲೋ ಎತ್ತಬೇಕು, ಯಾವ ಲಿವರ್ ತಿರುಗಿಸಬೇಕು, ಈಗ ಯಾವುದು ಆಗುವುದಿಲ್ಲ. ಅದನ್ನು ನೋಡಿ ಅವರು ‘ಗಳಿಕೆ ಸಾಮರ್ಥ್ಯದ ನಷ್ಟ ಶೇ. 30, ಶಾಶ್ವತ’ ಎಂದು ಬರೆದರು.

ಆಮೇಲೆ ಲೆಕ್ಕ ಸುಲಭ. ಸಂಬಳ 18,000 ಇದ್ದರೂ ಲೆಕ್ಕಕ್ಕೆ ಹಿಡಿಯುತ್ತಿದ್ದುದು ಗರಿಷ್ಠ 15,000 (2020ರ ಜನವರಿಯ ಅಧಿಸೂಚನೆ; ಅದಕ್ಕೂ ಮುಂಚೆ ಬರೀ 8,000). ಅದರ ಶೇ. 60 ಅಂದರೆ 9,000. ವಯಸ್ಸಿಗೆ ತಕ್ಕಂತೆ ಕಾಯ್ದೆ ಕೊಟ್ಟಿದ್ದ ಗುಣಕ 30 ವರ್ಷಕ್ಕೆ 207.98. ಗುಣಿಸಿದರೆ 18,71,820, ಅದರ ಶೇ. 30 ಎಂದರೆ 5,61,546 ರೂಪಾಯಿ.

ಬಡ್ಡಿಯನ್ನು ಅರ್ಜಿಯಲ್ಲೇ ಕೇಳಿ. ಕೊಡಬೇಕಾದ ಹಣ ಒಂದು ತಿಂಗಳು ತಡವಾದರೆ ಆ ಕಾಯ್ದೆಯ 4ಎ ಕಲಮಿನಡಿ ವರ್ಷಕ್ಕೆ ಶೇ. 12 ಸರಳ ಬಡ್ಡಿ ಇತ್ತು; ಸಮರ್ಥನೆ ಇಲ್ಲದ ವಿಳಂಬವಾದರೆ ಶೇ. 50ರವರೆಗೆ ದಂಡವೂ ಇತ್ತು. ಅಂದಹಾಗೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ಈ ದಾರಿಯೇ ಇಲ್ಲ, ಅವರು ಹೋಗಬೇಕಾದ್ದು ಇಎಸ್‌ಐ ನಿಗಮಕ್ಕೆ.