ಕದ್ರಾ ಹಿನ್ನೀರಿನಲ್ಲಿ ಕೊರವ ಮೀನಿಗೆ ಗಾಳ ಹಾಕುವ ಕ್ರಮ

ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಕಟ್ಟಿರುವ ಅಣೆಕಟ್ಟುಗಳಲ್ಲಿ ಕಾರವಾರಕ್ಕೆ ಅತಿ ಸಮೀಪದ್ದು ಕದ್ರಾ. ಸಮುದ್ರದ ಗಾಳಕ್ಕೆ ಒಗ್ಗಿದವರು ಇಲ್ಲಿಗೆ ಬಂದಾಗ ಮೊದಲು ಅರಿಯಬೇಕಾದದ್ದೆಂದರೆ, ಹಿನ್ನೀರಿನಲ್ಲಿ ಉಬ್ಬರವಿಳಿತ ಮೀನನ್ನು ನಮ್ಮ ಬಳಿಗೆ ತರುವುದಿಲ್ಲ. ಅದು ಕೂತಿರುವ ಜಾಗವನ್ನು ನಾವೇ ಹುಡುಕಬೇಕು.

ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಅಥವಾ ಪರವಾನಗಿಯ ಮೂಲಕ ಕೊಡುವುದರಿಂದ, ಹೊರಡುವ ಮೊದಲೇ ಕಾರವಾರದ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಕೈಗಾ ಅಣುಸ್ಥಾವರದ ಸುತ್ತಲಿನ ನಿರ್ಬಂಧಿತ ಪ್ರದೇಶಕ್ಕೂ ಹುಲಿ ಸಂರಕ್ಷಿತ ಅರಣ್ಯಕ್ಕೂ ಅನುಮತಿಯಿಲ್ಲದೆ ಹೋಗಲೇಬಾರದು.

ಅಮೆರಿಕದ ಜಲಾಶಯಗಳಲ್ಲಿ ಬಾಸ್ ಮೀನಿಗೆಂದು ರೂಪುಗೊಂಡ ರಾಡ್, ರೀಲ್ ಮತ್ತು ಕೃತಕ ಕಪ್ಪೆಗಳೇ ಇಂದು ನಮ್ಮ ಅಂಗಡಿಗಳಲ್ಲೂ ಸಿಗುತ್ತವೆ. ಇಂಗ್ಲಿಷಿನಲ್ಲಿ ಮರ್ರೆಲ್ ಎನ್ನುವ ಕೊರವನ ಸ್ವಭಾವ ಬಾಸ್‌ನದಕ್ಕೆ ಬಹಳ ಹತ್ತಿರವಾದ್ದರಿಂದ ಅವು ಇಲ್ಲಿ ಚೆನ್ನಾಗಿಯೇ ಒದಗುತ್ತವೆ: ಎರಡೂ ಜೊಂಡು ಮತ್ತು ಮುಳುಗಿದ ಮರದ ಬೊಡ್ಡೆಗಳ ಮರೆಯಲ್ಲಿ ಹೊಂಚು ಹಾಕಿ, ಹತ್ತಿರ ಸುಳಿದ ಬೇಟೆಯ ಮೇಲೆ ಒಮ್ಮೆಲೇ ಎರಗುತ್ತವೆ. ಕೊರವ ಆಗಾಗ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಆದ್ದರಿಂದ ದಂಡೆಗೆ ಬಂದೊಡನೆ ಗಾಳ ಎಸೆಯದೆ, ಸ್ವಲ್ಪ ಹೊತ್ತು ಸದ್ದಿಲ್ಲದೆ ನಿಂತು, ಎಲ್ಲಿ ನೀರು ಗುಳುಕ್ಕೆಂದು ಕಲಕುತ್ತದೆಂದು ನೋಡಿಕೊಳ್ಳಿ. ಬೆಳಗಿನ ಮತ್ತು ಸಂಜೆಯ ಹೊತ್ತು ಇದಕ್ಕೆ ಉತ್ತಮ.

ಏಳು ಅಡಿಯ ಗಟ್ಟಿ ರಾಡ್, 30ರಿಂದ 40 ಪೌಂಡ್ ತಾಳುವ ಹೆಣೆದ ದಾರ, ಕಳೆಗೆ ಸಿಕ್ಕದಂತೆ ಕೊಕ್ಕೆ ಮರೆಯಾಗಿರುವ ರಬ್ಬರ್ ಕಪ್ಪೆ ಸಾಕು. ಕಪ್ಪೆಯನ್ನು ಮೀನು ಕಂಡ ಜಾಗಕ್ಕಿಂತ ಸ್ವಲ್ಪ ಆಚೆಗೆ ಎಸೆದು, ಜೊಂಡಿನ ಅಂಚಿನಲ್ಲಿ ತಡೆದು ತಡೆದು ಎಳೆಯಿರಿ. ಮೀನು ಎರಗಿದ ಸದ್ದಿಗೆ ಬೆಚ್ಚಿ ಕೂಡಲೇ ರಾಡ್ ಎತ್ತಿದರೆ ಕಪ್ಪೆ ಅದರ ಬಾಯಿಂದ ಜಾರಿಬಿಡುತ್ತದೆ. ಒಂದೆರಡು ಕ್ಷಣ ತಾಳಿ, ದಾರ ಬಿಗಿಯಾದ ಮೇಲೆ ಬಲವಾಗಿ ಎತ್ತಿ, ಮೀನು ಬೊಡ್ಡೆಯ ಸಂದಿಗೆ ನುಗ್ಗುವ ಮೊದಲೇ ಬಯಲು ನೀರಿಗೆ ಎಳೆದುಕೊಳ್ಳಿ.

ಮಳೆಗಾಲದಲ್ಲಿ ನೀರಿನ ಮೇಲೆ ಮರಿಗಳ ಕೆಂಪು ಗುಂಪು ಗಿಜಿಗುಡುತ್ತಿದ್ದರೆ ಅಲ್ಲಿಗೆ ಗಾಳ ಎಸೆಯಬೇಡಿ. ಕೆಳಗೆ ಕಾವಲಿರುವ ತಾಯ್ತಂದೆಗಳು ಆಗ ಏನೇ ಬಂದರೂ ಕಚ್ಚುತ್ತವೆ. ಅವುಗಳನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲಾಗುತ್ತವೆ. ಸುಲಭವಾಗಿ ಸಿಗುವ ಈ ಬೇಟೆಯನ್ನು ನಾನು ಗಾಳಗಾರಿಕೆಯೆಂದೇ ಒಪ್ಪುವುದಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳಿಗೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಕಲಸಿದ ಉಂಡೆ ಸಾಕಾಗುತ್ತದೆ. ಕಾಟ್ಲಾ ಮೇಲ್ಮಟ್ಟದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ದಾರಕ್ಕೆ ಕಟ್ಟಿದ ತೇಲುವ ಬೆಂಡನ್ನು ಅದಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿಸಿಕೊಳ್ಳಿ. ತಿಲಾಪಿಯಾ ಎರೆಹುಳುವಿಗೇ ಬರುತ್ತದೆ. ಅದು ಹೊರಗಿನಿಂದ ಬಂದು ನಮ್ಮ ಮೀನುಗಳ ಜಾಗವನ್ನು ಆಕ್ರಮಿಸಿಕೊಂಡಿರುವುದರಿಂದ, ಸಿಕ್ಕಿದ್ದನ್ನು ಮರಳಿ ನೀರಿಗೆ ಬಿಡದೆ ಮನೆಗೆ ಒಯ್ಯಿರಿ.

ವಿದ್ಯುತ್ ಉತ್ಪಾದನೆಗೆ ತಕ್ಕಂತೆ ಇಲ್ಲಿನ ನೀರಿನ ಮಟ್ಟ ಏರಿಳಿಯುತ್ತದೆ. ನೀರು ಇಳಿದ ಮೇಲೆ ಕಾಣುವ ಕೆಸರುದಂಡೆ ಮೇಲೆ ಒಣಗಿದಂತಿದ್ದರೂ ಒಳಗೆ ಮೆತ್ತಗಿರುವುದರಿಂದ, ಕೋಲಿನಿಂದ ಒತ್ತಿ ನೋಡದೆ ಕಾಲಿಡಬೇಡಿ. ಅಣೆಕಟ್ಟಿನ ಕೆಳಭಾಗದಲ್ಲಿ ಸೈರನ್ ಕೇಳಿದರೆ ಸಲಕರಣೆಗಳನ್ನು ಅಲ್ಲೇ ಬಿಟ್ಟು ದಡದ ಎತ್ತರದ ಜಾಗಕ್ಕೆ ಏರಿಕೊಳ್ಳಿ.