ಡಿಸ್ಚಾರ್ಜ್ ಬುಕ್‌ನಲ್ಲಿ ಬಿಟ್ಟುಹೋದ ಮೆಡಲ್: ಕೋಲಾರದಿಂದಲೇ ದಾಖಲೆ ಸರಿಮಾಡಿಸಿಕೊಂಡ ಬಗೆ

1999ರ ಆಪರೇಷನ್ ವಿಜಯ್‌ನಲ್ಲಿ ಕಾರ್ಗಿಲ್ ವಲಯದಲ್ಲಿದ್ದರೂ ನನ್ನ ಡಿಸ್ಚಾರ್ಜ್ ಬುಕ್‌ನ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಸೇವಾ ಪುಸ್ತಕ) ಮೆಡಲ್ ಕಾಲಂನಲ್ಲಿ ಆಪ್ (ಆಪರೇಷನ್) ವಿಜಯ್ ಸ್ಟಾರ್ ಇರಲಿಲ್ಲ. ‘ನನಗೆ ಮೆಡಲ್ ಕೊಡಿ’ ಎಂದು ಬರೆದ ಪತ್ರಗಳಿಗೆ ಬಂದದ್ದು ಒಂದೇ ಉತ್ತರ: ದಾಖಲೆಯಲ್ಲಿ ಇಲ್ಲ. ಕೇಳಬೇಕಾದದ್ದು ಮೆಡಲನ್ನಲ್ಲ, ಆ ದಿನಗಳಲ್ಲಿ ನಾನು ಎಲ್ಲಿದ್ದೆ ಎಂಬ ನಮೂದನ್ನು ಎಂದು ಆಮೇಲೆ ಅರ್ಥವಾಯಿತು.

ಯುದ್ಧಕ್ಷೇತ್ರದ ಸೇವೆಗೆ ಕೊಡುವ ಮೆಡಲ್‌ಗೆ ಯೂನಿಟ್ ಒಂದು ನಾಮಿನಲ್ ರೋಲ್ (ಅರ್ಹರ ಹೆಸರಿನ ಪಟ್ಟಿ) ಕಳಿಸುತ್ತದೆ. ಅದನ್ನು ತಾಳೆ ನೋಡುವುದು ಪಾರ್ಟ್ ಟೂ ಆರ್ಡರ್ (ಸೈನಿಕನ ಸೇವಾ ವಿವರಗಳ ಅಧಿಕೃತ ಪ್ರಕಟಣೆ) ಜೊತೆ. ಪೋಸ್ಟಿಂಗ್, ರಜೆ, ಆಸ್ಪತ್ರೆ, ಅಟ್ಯಾಚ್‌ಮೆಂಟ್ ಎಲ್ಲವೂ ಅದರಲ್ಲೇ ಪ್ರಕಟವಾಗಬೇಕು. ಸ್ವಂತ ಯೂನಿಟ್‌ನಿಂದ ಇನ್ನೊಂದಕ್ಕೆ ಅಟ್ಯಾಚ್ ಆಗಿ, ಅಂದರೆ ತಾತ್ಕಾಲಿಕವಾಗಿ, ಹೋದವರು ತಪ್ಪಿಹೋಗುವುದು ಇಲ್ಲಿಯೇ. ನನ್ನದೂ ಹೀಗೇ ಆಯಿತು: ನಮ್ಮ ಯೂನಿಟ್‌ನವರು ‘ಅಲ್ಲಿಯವರು ಹೆಸರು ಸೇರಿಸುತ್ತಾರೆ’ ಅಂದುಕೊಂಡರು, ಅಲ್ಲಿಯವರು ‘ಇವನ ಯೂನಿಟ್ ಬೇರೆ’ ಎಂದು ಬಿಟ್ಟರು. ಯಾರದೂ ದುರುದ್ದೇಶವಲ್ಲ, ಆದರೆ ಒಂದು ಸಾಲು ಇಲ್ಲದೆ ಹೋಯಿತು.

ಬರೆಯುವ ಮುಂಚೆ ಯಾವ ಮೆಡಲ್ ಎಂದು ಖಚಿತ ಮಾಡಿಕೊಳ್ಳಿ. ಆಪ್ ವಿಜಯ್ ಸ್ಟಾರ್ ಕಾದಾಟದ ಪ್ರದೇಶದಲ್ಲಿದ್ದವರದು; ಆಪ್ ವಿಜಯ್ ಮೆಡಲ್ ಅದಕ್ಕಿಂತ ವಿಶಾಲವಾದ ನಿಯೋಜನೆಗೆ. 2001-02ರಲ್ಲಿ ಗಡಿಯಲ್ಲಿ ನಿಂತವರದು ಆಪ್ ಪರಾಕ್ರಮ್ ಮೆಡಲ್. ಹೆಸರು ಹತ್ತಿರವಿದೆ ಎಂದು ಇದನ್ನು ಪರಾಕ್ರಮ್ ಪದಕದ ಜೊತೆ ಬೆರೆಸಬೇಡಿ. ಅದು ಶತ್ರುವಿನೊಂದಿಗಿನ ನೇರ ಕಾದಾಟದಲ್ಲಿ ಗಾಯಗೊಂಡವರಿಗೆ. ಅದನ್ನು ಕೇಳುವುದಾದರೆ ನಿಮ್ಮ ಗಾಯ ‘ಬ್ಯಾಟಲ್ ಕ್ಯಾಶುಯಲ್ಟಿ’ (ಕಾದಾಟದ ಗಾಯ) ಎಂದು ಪ್ರಕಟವಾಗಿದೆಯೇ, ‘ಫಿಸಿಕಲ್ ಕ್ಯಾಶುಯಲ್ಟಿ’ (ಕಾದಾಟದ್ದಲ್ಲದ ಗಾಯ) ಎಂದೇ ಎಂಬುದನ್ನು ಮೊದಲು ನೋಡಿ. ಎರಡನೆಯದಾಗಿದ್ದರೆ ಜಗಳ ಆ ಪದದ ಮೇಲೆ. ಶೌರ್ಯ ಪದಕ ಈ ದಾರಿಯಲ್ಲಿ ಸಿಗುವುದಿಲ್ಲ; ಅದಕ್ಕೆ ಆಗಲೇ ಕಮಾಂಡರ್ ಶಿಫಾರಸು ಆಗಿರಬೇಕು.

ಪುರಾವೆ ಹುಡುಕುವುದಕ್ಕೇ ಹೆಚ್ಚು ದಿನ ಇಡಿ. ಮೂವ್‌ಮೆಂಟ್ ಆರ್ಡರ್, ಫೀಲ್ಡ್ ಆಸ್ಪತ್ರೆಯ ಚೀಟಿ ಇದ್ದರೆ ಅರ್ಧ ಕೆಲಸ ಆದಂತೆ. ನನಗೆ ಬಲ ಕೊಟ್ಟದ್ದು ಸಂಬಳದ ಲೆಕ್ಕ. ಫೀಲ್ಡ್ ಅಥವಾ ಎತ್ತರ ಪ್ರದೇಶದ ಭತ್ಯೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಜಮೆಯಾಗಿದೆ ಎಂಬುದು ಪೇ ಅಕೌಂಟ್ಸ್ ಆಫೀಸಿನ ಲೆಜರ್‌ನಲ್ಲಿ ಬರುತ್ತದೆ. ಹಣ ಕೊಟ್ಟ ದಾಖಲೆಯನ್ನು ಯಾರೂ ಸುಲಭಕ್ಕೆ ತಳ್ಳಿಹಾಕುವುದಿಲ್ಲ. ಮನೆಯ ಟ್ರಂಕ್‌ನಲ್ಲಿ ಆಗ ಬರೆದ ಇನ್‌ಲ್ಯಾಂಡ್ ಪತ್ರಗಳಿದ್ದರೆ ಬಿಸಾಡಬೇಡಿ. ವಿಳಾಸದಲ್ಲಿ 56 ಎಪಿಒ (ಸೇನಾ ಅಂಚೆ ಕಚೇರಿ) ಎಂದಷ್ಟೇ ಇದ್ದರೂ ಠಸ್ಸೆಯಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ನಂಬರ್, ತಾರೀಖು ಕಾಣುತ್ತದೆ. ಅದೊಂದೇ ಸಾಲದು, ಜೊತೆಗೆ ಇಟ್ಟರೆ ಒಳ್ಳೆಯದು. ಅದೇ ಜಾಗದಲ್ಲಿದ್ದು ಮೆಡಲ್ ಪಡೆದ ಇಬ್ಬರಿಂದ ನೋಟರಿ ಅಫಿಡವಿಟ್ ತೆಗೆದುಕೊಳ್ಳಿ. ಅವರ ನಂಬರ್, ರ್ಯಾಂಕ್, ಯೂನಿಟ್ ಅದರಲ್ಲಿರಲಿ. ‘ಇವರು ಒಳ್ಳೆಯ ಸೈನಿಕರು’ ಎಂಬ ಮಾತು ಬೇಡ. ಎಲ್ಲಿ, ಯಾವಾಗಿಂದ ಯಾವಾಗಿನವರೆಗೆ ಎಂಬುದು ಮಾತ್ರ ಬೇಕು.

ಕೈಯಲ್ಲಿ ಏನೂ ಇಲ್ಲದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ‘ಮೆಡಲ್ ಯಾಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯೇ ಅಲ್ಲ ಎಂದು ತಳ್ಳಬಹುದು. ‘1999ರ ಮೇ 1ರಿಂದ ಆಗಸ್ಟ್ 31ರವರೆಗೆ ನನ್ನ ಬಗ್ಗೆ ಪ್ರಕಟವಾದ ಎಲ್ಲ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ, ಶೀಟ್ ರೋಲ್‌ನ ಪ್ರತಿ’ ಎಂದು ಕೇಳಿ. ಶೀಟ್ ರೋಲ್ ಎಂದರೆ ಸೈನಿಕನ ಸೇವಾ ದಾಖಲೆ. ಪಿಂಚಣಿ ಇಲ್ಲದೆ ಬಂದವರು ತಡಮಾಡಬಾರದು: 25 ವರ್ಷ ದಾಟಿದ ಮೇಲೆ ಅವರ ಸೇವಾ ಕಾಗದಗಳನ್ನು ನಾಶಮಾಡುವ ನಿಯಮವಿದೆ, ಲಾಂಗ್ ರೋಲ್ (ಸೈನಿಕರ ಚುಟುಕು ವಿವರದ ರಿಜಿಸ್ಟರ್) ಮಾತ್ರ ಉಳಿಯುತ್ತದೆ.

ಪತ್ರ ಹೋಗಬೇಕಾದದ್ದು ಸೇವಾ ದಾಖಲೆ ಇಟ್ಟುಕೊಂಡಿರುವ ನಿಮ್ಮ ರೆಕಾರ್ಡ್ಸ್ ಆಫೀಸಿಗೆ. ಮದ್ರಾಸ್ ಸ್ಯಾಪರ್ಸ್‌ಗೆ (ಎಂಜಿನಿಯರ್ ದಳ) ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ಗೆ ವೆಲ್ಲಿಂಗ್ಟನ್, ಆರ್ಟಿಲರಿಗೆ ನಾಶಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ, ಇಎಂಇಗೆ (ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಎಂಜಿನಿಯರ್ ದಳ) ಸಿಕಂದರಾಬಾದ್. ಸ್ಪರ್ಶ್‌ನಲ್ಲಿ ದೂರು ಹಾಕಿ ಕಾಯುವವರಿದ್ದಾರೆ. ಅದು ಪಿಂಚಣಿಯ ವ್ಯವಸ್ಥೆ, ಮೆಡಲ್ ಅಲ್ಲಿ ಹುಟ್ಟುವುದಿಲ್ಲ. ಪತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಒಂದೇ ಪುಟ. ಇಂತಿಂಥ ತಾರೀಖಿನ ಅಟ್ಯಾಚ್‌ಮೆಂಟ್ ಪ್ರಕಟಿಸಿ ಎಂಬುದು ಮೊದಲ ಕೋರಿಕೆ, ಅದರ ಆಧಾರದ ಮೇಲೆ ಮೆಡಲ್ ನಮೂದಿಸಿ ಎಂಬುದು ಎರಡನೆಯದು. ಪಿಂಚಣಿ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ದೂರುಗಳನ್ನು ಇದರಲ್ಲಿ ತುರುಕಬೇಡಿ. ಅವು ಬೇರೆ ವಿಭಾಗದ ಮೇಜಿಗೆ ಹೋಗಿ ಇದೂ ಅಲ್ಲೇ ಉಳಿಯುತ್ತದೆ. ಆರ್ಮಿ ನಂಬರಿನ ಕೊನೆಯ ಇಂಗ್ಲಿಷ್ ಅಕ್ಷರ ಬಿಡಬೇಡಿ. ಲಗತ್ತುಗಳು ಸ್ವಯಂ ದೃಢೀಕರಿಸಿದ ನಕಲು ಮಾತ್ರ. ಮೂಲ ಕಾಗದ ಮನೆಯಲ್ಲೇ ಇರಲಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಪತ್ರದ ನಕಲಿಗೇ ಅಂಟಿಸಿಡಿ. ಒಂದು ಪ್ರತಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಕೊಟ್ಟು, ಅದನ್ನು ರೆಕಾರ್ಡ್ಸ್‌ಗೆ ರವಾನಿಸುವ ಅವರ ಫಾರ್ವರ್ಡಿಂಗ್ ಪತ್ರ ಕೇಳಿ.

ನಮ್ಮ ಕಡೆಯವರಿಗೆ ದೊಡ್ಡ ಕಂಟಕ ಹೆಸರು. ಭರ್ತಿಯಾದಾಗ ‘ವೆಂಕಟೇಶಪ್ಪ’, ಆಧಾರ್‌ನಲ್ಲಿ ‘ವೆಂಕಟೇಶ್ ಎಂ’. ಮೆಡಲ್‌ಗೆ ದಾಖಲೆಯ ಹೆಸರೇ ಬರುತ್ತದೆ, ಹಾಗಾಗಿ ಪತ್ರದಲ್ಲಿ ಅದೇ ಕಾಗುಣಿತ ಬಳಸಿ. ಹೆಸರು ತಿದ್ದಿಸಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ, ಮೊದಲೇ ಮುಗಿಸಿ. ಡಿಸ್ಚಾರ್ಜ್ ಬುಕ್‌ನಲ್ಲಿ ನೀವೇ ಪೆನ್ನಾಡಿಸಿದರೆ ಇಡೀ ಪುಸ್ತಕದ ಮೇಲೆ ಅನುಮಾನ ಬರುತ್ತದೆ.

ತಿರಸ್ಕಾರ ಬಂದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವುದಾದರೆ ಅಂತಿಮ ಆದೇಶದಿಂದ 6 ತಿಂಗಳ ಗಡುವಿದೆ. ಮೆಡಲ್ ಬಂದ ದಿನವೇ ಅದರ ಮೇಲೆ ಕೆತ್ತಿದ ನಂಬರ್, ಹೆಸರು ಓದಿ. ತಪ್ಪಿದ್ದರೆ ಆವತ್ತೇ ಫೋಟೋ ತೆಗೆದು, ರೆಕಾರ್ಡ್ಸ್‌ನ ಪತ್ರಸಂಖ್ಯೆ ಹಾಕಿ ಬರೆಯಿರಿ.